ದೇಹದ ಲೆಕ್ಕ ಕಲಿಯುವ ನಮ್ಮೂರ ಮಕ್ಕಳು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಗೂಳೂರಿನಲ್ಲಿ ಏರ್ಪಡಿಸಿದ್ದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಎಸ್.ಎಸ್.ಎಲ್.ಸಿ.ವರೆಗೆ ಓದಿ, ಆಮೇಲೆ ನೇಗಿಲು, ಹಸು, ತೆಂಗು ನೋಡಿಕೊಂಡು ಬಂದವನು. ಸಂಘದ ಇಪ್ಪತ್ತೈದು ವರ್ಷದ ಸಾಧನೆ ಬಗ್ಗೆ ಅಧ್ಯಕ್ಷರೂ ಕಾರ್ಯದರ್ಶಿಗಳೂ ಅಂಕಿ ಅಂಶ ಸಮೇತ ಹೇಳಿದ್ದಾರೆ. ಅದನ್ನೇ ನಾನು ತಿರುಗಿ ಹೇಳಿ ನಿಮ್ಮ ಹೊತ್ತು ಹಾಳು ಮಾಡುವುದಿಲ್ಲ. ಬಹುಮಾನ ತಗೊಂಡ ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆದು "ಮುಂದೇನು ಓದ್ತೀಯಪ್ಪಾ, ಏನು ಓದ್ತೀಯಮ್ಮಾ" ಅಂತ ಕೇಳಿದೆ. ಒಬ್ಬ ಡಾಕ್ಟರ್ ಅಂದ. ಇನ್ನೊಬ್ಬಳು ನರ್ಸಿಂಗ್ ಅಂದಳು. ಒಬ್ಬ ಲ್ಯಾಬ್ ಟೆಕ್ನೀಶಿಯನ್ ಅಂದ. ಮತ್ತೊಬ್ಬ ದನದ ಡಾಕ್ಟರ್ ಆಗ್ತೀನಿ ಅಂದ. ಕೇಳಿ ಸಂತೋಷವಾಯಿತು. ಇವರೆಲ್ಲರಿಗೂ ಕಾಲೇಜಿನ ಬಾಗಿಲಲ್ಲೇ ಒಂದು ವಿಷಯ ಕಾದು ನಿಂತಿರುತ್ತದೆ. ಅದರ ಹೆಸರು ಫಿಸಿಯಾಲಜಿ. ಕನ್ನಡದಲ್ಲಿ ಶರೀರಕ್ರಿಯಾಶಾಸ್ತ್ರ ಅಂತಾರೆ. ನಮ್ಮ ಹಳ್ಳಿ ಮಕ್ಕಳಲ್ಲಿ ಕೆಲವರು ಆ ಬಾಗಿಲಲ್ಲೇ ಎಡವಿ ವಾಪಸು ಬಂದುಬಿಡುತ್ತಾರೆ. ಬುದ್ಧಿ ಇಲ್ಲದ್ದಕ್ಕೆ ಅಲ್ಲ, ಆ ಹೊತ್ತಿನಲ್ಲಿ ಕೈ ಹಿಡಿಯುವವರು ಇಲ್ಲದ್ದಕ್ಕೆ. ಆ ಬಗ್ಗೆ ನನ್ನ ಅಲ್ಪ ತಿಳಿವಳಿಕೆಗೆ ತೋಚಿದ ನಾಲ್ಕು ಮಾತು ಹೇಳುತ್ತೇನೆ. ನಾನು ಕಲಿತದ್ದೆಲ್ಲ ನಮ್ಮ ಅಣ್ಣನ ಮಗಳಿಂದ. ಅವಳು ಬೆಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ರಜೆಗೆ ಬಂದಾಗ ಅವಳ ಪುಸ್ತಕದ ಚಿತ್ರ ನೋಡಿಕೊಂಡು, ಕೇಳಿ ಕೇಳಿ ತಿಳಿದುಕೊಂಡದ್ದು.

ಮೊದಲು ಈ ವಿಷಯ ಅಂದರೆ ಏನು ಅಂತ ನೋಡೋಣ. ಇದರ ಜೋಡಿ ಇನ್ನೊಂದು ವಿಷಯ ಇದೆ, ಅನಾಟಮಿ, ಅಂದರೆ ಅಂಗರಚನಾಶಾಸ್ತ್ರ. ನಮ್ಮ ತೋಟದ ಪಂಪ್‌ಸೆಟ್ ತಗೊಳ್ಳಿ. ಮೋಟರ್ ಎಲ್ಲಿದೆ, ಪೈಪು ಎಲ್ಲಿ ಸೇರುತ್ತದೆ, ವಾಲ್ವು ಎಲ್ಲಿ ಕೂತಿದೆ ಅಂತ ಬಿಚ್ಚಿ ನೋಡಿ ತಿಳಿಯುವುದು ಅನಾಟಮಿ. ಅದೇ ಪಂಪ್‌ಸೆಟ್ ನೀರನ್ನು ಮೇಲಕ್ಕೆ ಎತ್ತುವುದು ಹೇಗೆ, ಕರೆಂಟು ಕಮ್ಮಿಯಾದರೆ ಏನಾಗುತ್ತದೆ, ವಾಲ್ವು ಕೆಟ್ಟರೆ ನೀರು ಯಾಕೆ ವಾಪಸು ಇಳಿಯುತ್ತದೆ ಅಂತ ತಿಳಿಯುವುದು ಫಿಸಿಯಾಲಜಿ. ಒಂದು ಇರುವ ಜಾಗ ಹೇಳುತ್ತದೆ, ಇನ್ನೊಂದು ನಡೆಯುವ ಕೆಲಸ ಹೇಳುತ್ತದೆ. ಉಸಿರಾಟ, ರಕ್ತದ ಓಟ, ಅನ್ನ ಅರಗುವುದು, ಮೂತ್ರ ಆಗುವುದು, ನರದ ಕೆಲಸ, ಬಸಿರು ಬಾಣಂತನ, ಎಲ್ಲಾ ಇದರೊಳಗೆ ಬರುತ್ತವೆ.

ಹಾಗೆ ನೋಡಿದರೆ ಹಸು ಸಾಕಿದವನಿಗೆ ಈ ವಿದ್ಯೆ ಅಷ್ಟೇನೂ ಹೊಸದಲ್ಲ. ಕರು ಮುಂದೆ ಬಿಟ್ಟ ಕೂಡಲೇ ಹಸು ಸೊರೆ ಬಿಡುತ್ತದೆ, ಹಾಲು ಮೊಲೆಗೆ ಇಳಿಯುತ್ತದೆ. ಹಸುವನ್ನು ಬೆದರಿಸಿದರೆ, ಹೊಡೆದರೆ, ಹಾಲು ಮೇಲಕ್ಕೆ ಕಟ್ಟಿಕೊಳ್ಳುತ್ತದೆ. ಇದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಪುಸ್ತಕ ಹೇಳುವುದು ಇಷ್ಟೇ: ಕರುವಿನ ಸ್ಪರ್ಶ ನರದ ಮೂಲಕ ಮೆದುಳಿಗೆ ಹೋಗುತ್ತದೆ, ಮೆದುಳಿನ ಬುಡದಲ್ಲಿರುವ ಚಿಕ್ಕ ಗ್ರಂಥಿಯೊಂದು ಆಕ್ಸಿಟೋಸಿನ್ ಅನ್ನುವ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಅದು ಕೆಚ್ಚಲನ್ನು ಹಿಂಡಿ ಹಾಲು ಇಳಿಸುತ್ತದೆ. ಹೆದರಿದಾಗ ಬರುವ ಅಡ್ರಿನಲಿನ್ ಅದಕ್ಕೆ ಅಡ್ಡ ನಿಲ್ಲುತ್ತದೆ. ಮಗುವಿಗೆ ಹಾಲು ಕೊಡುವ ತಾಯಿಯಲ್ಲೂ ಇದೇ ಆಕ್ಸಿಟೋಸಿನ್ ಕೆಲಸ ಮಾಡುತ್ತದೆ. ಬಾಣಂತಿಗೆ ನೆಮ್ಮದಿ ಇರಬೇಕು ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಇನ್ನೊಂದು ಲೆಕ್ಕ ಕೇಳಿ. ಒಂದು ಲೀಟರ್ ಹಾಲು ತಯಾರಾಗಬೇಕಾದರೆ ಹಸುವಿನ ಕೆಚ್ಚಲಿನ ಮೂಲಕ ಸುಮಾರು 400ರಿಂದ 500 ಲೀಟರ್ ರಕ್ತ ಹಾಯ್ದು ಹೋಗಬೇಕಂತೆ. ನಾವು ಡೈರಿಯಲ್ಲಿ ಫ್ಯಾಟು, ಎಸ್.ಎನ್.ಎಫ್. ನೋಡಿ ರೇಟು ಹೇಳುತ್ತೇವೆ. ಆ ಮೂಕ ಪ್ರಾಣಿ ಪಡುವ ಶ್ರಮದ ಲೆಕ್ಕ ಹೇಳುವುದು ಈ ಶಾಸ್ತ್ರ.

ಮನುಷ್ಯರ ದೇಹದಲ್ಲೂ ಹೀಗೇ ಲೆಕ್ಕ. ಈ ಶಾಸ್ತ್ರಕ್ಕೆ ಹೊಸ ದಾರಿ ಸಿಕ್ಕಿದ್ದೇ ಒಂದು ಗುಣಾಕಾರದಿಂದ. ಇಂಗ್ಲೆಂಡಿನ ವಿಲಿಯಂ ಹಾರ್ವೆ ಅನ್ನುವ ವೈದ್ಯ 1628ರಲ್ಲಿ ಒಂದು ಪುಸ್ತಕ ಬರೆದ. ಅದಕ್ಕೆ ಮೊದಲು ಸಾವಿರಕ್ಕೂ ಹೆಚ್ಚು ವರ್ಷದಿಂದ ಯುರೋಪಿನ ವೈದ್ಯರು, ತಿಂದ ಅನ್ನದಿಂದ ಪಿತ್ತಜನಕಾಂಗದಲ್ಲಿ ರಕ್ತ ಹುಟ್ಟುತ್ತದೆ, ಮೈಗೆಲ್ಲಾ ಹೋಗಿ ಅಲ್ಲೇ ಇಂಗಿಹೋಗುತ್ತದೆ ಅಂತ ನಂಬಿದ್ದರು. ಹೊಲಕ್ಕೆ ಬಿಟ್ಟ ನೀರಿನ ಹಾಗೆ. ಹಾರ್ವೆ ಕೇಳಿದ್ದು, ಗುಂಡಿಗೆ ಒಂದು ಬಡಿತಕ್ಕೆ ಎಷ್ಟು ರಕ್ತ ತಳ್ಳುತ್ತದೆ, ಅರ್ಧ ಗಂಟೆಗೆ ಎಷ್ಟು ಬಡಿತ, ಗುಣಿಸಿ ನೋಡಿ ಅಂತ. ಈಗಿನ ಅಂಕಿಯಲ್ಲೇ ಲೆಕ್ಕ ಹಾಕೋಣ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ. ನಿಮಿಷಕ್ಕೆ ಹತ್ತಿರ ಹತ್ತಿರ 5 ಲೀಟರ್ ಆಯಿತು. ಗಂಟೆಗೆ 300 ಲೀಟರ್. ಮನುಷ್ಯನ ಮೈಯಲ್ಲಿ ಇರುವ ರಕ್ತವೇ ಸುಮಾರು 5 ಲೀಟರ್! ಗಂಟೆಗೆ 300 ಲೀಟರ್ ಹೊಸ ರಕ್ತ ಹುಟ್ಟಬೇಕಾದರೆ ಎಷ್ಟು ಮುದ್ದೆ ಉಣ್ಣಬೇಕು ಹೇಳಿ? ಆದ್ದರಿಂದ ಅದೇ ರಕ್ತ ಸುತ್ತಿ ಸುತ್ತಿ ಗುಂಡಿಗೆಗೇ ವಾಪಸು ಬರುತ್ತಿರಬೇಕು ಅಂತ ಅವನು ತೀರ್ಮಾನಿಸಿದ. ತೋಳಿಗೆ ಬಟ್ಟೆ ಕಟ್ಟಿ, ಉಬ್ಬಿದ ನರವನ್ನು ಬೆರಳಲ್ಲಿ ಒತ್ತಿ, ರಕ್ತ ಒಂದೇ ದಿಕ್ಕಿಗೆ ಹೋಗುತ್ತದೆ ಅಂತ ತೋರಿಸಿಯೂ ಕೊಟ್ಟ. ಪಂಪ್‌ಸೆಟ್ ಇಟ್ಟ ಯಾವ ರೈತನಿಗೂ ಈ ಲೆಕ್ಕ ಅರ್ಥವಾಗುತ್ತದೆ. ಹಾಗಿದ್ದ ಮೇಲೆ ರೈತನ ಮಗನಿಗೆ, ಮಗಳಿಗೆ ಯಾಕೆ ಅರ್ಥವಾಗಬಾರದು?

ಇನ್ನು ಈ ವಿದ್ಯೆಯನ್ನು ಎಲ್ಲಿ ಕಲಿಸುತ್ತಾರೆ? ಬಂಗಾಳದ ಕಡೆ ಬಿ.ಎಸ್ಸಿ.ಯಲ್ಲಿ ಇದನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡು ಓದುವವರಿದ್ದಾರೆ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1900ರಲ್ಲೇ ಇದಕ್ಕೆ ಒಂದು ವಿಭಾಗ ಶುರುವಾಗಿತ್ತು. ನಮ್ಮ ಕಡೆ ಇದು ಹೆಚ್ಚಾಗಿ ಬೇರೆ ಕೋರ್ಸಿನ ಒಳಗೆ ಸೇರಿ ಬರುತ್ತದೆ. ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಮೂರೂ ಇರುತ್ತವೆ. ಬಿ.ಎಸ್ಸಿ. ನರ್ಸಿಂಗ್, ಫಿಸಿಯೋಥೆರಪಿ, ಲ್ಯಾಬ್ ಟೆಕ್ನಾಲಜಿ, ಎಲ್ಲದರಲ್ಲೂ ಶುರುವಿನಲ್ಲೇ ಇದೆ. ಆಯುರ್ವೇದದಲ್ಲಿ ಶರೀರ ಕ್ರಿಯಾ ಅಂತ ಇದೆ. ಪಶುವೈದ್ಯದಲ್ಲಿ ಪ್ರಾಣಿಗಳ ಫಿಸಿಯಾಲಜಿ. ಬಿ.ಎಸ್ಸಿ. ಪ್ರಾಣಿಶಾಸ್ತ್ರದವರಿಗೂ ಒಂದು ಪಾಲು ಬರುತ್ತದೆ.

ಹಿಂದೆ ಹಳ್ಳಿ ಮಕ್ಕಳಿಗೆ ಇದು ಬಲು ದೂರದ ಮಾತಾಗಿತ್ತು. ಮೈಸೂರು ಸಂಸ್ಥಾನದ ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಬೆಂಗಳೂರು ಮೆಡಿಕಲ್ ಕಾಲೇಜು ಬಂದದ್ದು 1955ರಲ್ಲಿ. ನಮ್ಮ ತುಮಕೂರಿಗೆ ಸಿದ್ಧಾರ್ಥ ಮೆಡಿಕಲ್ ಕಾಲೇಜು ಬಂದದ್ದು 1988ರಲ್ಲಿ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಶುರುವಾದ ಮೇಲೆ ರಾಜ್ಯದ ಮೆಡಿಕಲ್, ನರ್ಸಿಂಗ್ ಕಾಲೇಜುಗಳಲ್ಲಿ ಬಹುಪಾಲು ಒಂದೇ ಸೂರಿನಡಿ ಬಂದವು. ಈಗ ಕುಣಿಗಲ್ ರಸ್ತೆಯಲ್ಲಿ ಬಸ್ಸು ಹತ್ತಿದರೆ ಅರ್ಧ ಗಂಟೆಯೊಳಗೆ ಇಂಥ ವಿದ್ಯೆ ಕಲಿಸುವ ಊರಿಗೆ ಹೋಗಬಹುದು. ದಾರಿ ಹತ್ತಿರವಾಗಿದೆ. ಆದರೆ ಭಾಷೆ ಇನ್ನೂ ದೂರವೇ ಇದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಕ್ಲಾಸಿನಲ್ಲಿ ಏನು ಮಾಡಿಸುತ್ತಾರೆ ಅಂತ ತಂದೆ ತಾಯಿಗೆ ಗೊತ್ತಿರಲಿ. ಬರೀ ಪುಸ್ತಕ ಬಾಯಿಪಾಠ ಅಲ್ಲ. ಎಂ.ಬಿ.ಬಿ.ಎಸ್. ಮಕ್ಕಳಿಗೆ ಪ್ರಾಕ್ಟಿಕಲ್ ಇರುತ್ತದೆ. ತಮ್ಮ ಬೆರಳನ್ನೇ ಚುಚ್ಚಿಕೊಂಡು ಒಂದು ಹನಿ ರಕ್ತ ತೆಗೆದು ಗುಂಪು ನೋಡುತ್ತಾರೆ, ಹಿಮೋಗ್ಲೋಬಿನ್ ನೋಡುತ್ತಾರೆ. ನಮ್ಮ ಡೈರಿಯಲ್ಲಿ ಹಾಲಿನ ಸ್ಯಾಂಪಲ್ ತೆಗೆದು ಫ್ಯಾಟು ನೋಡಿದ ಹಾಗೆಯೇ. ಸಣ್ಣ ಗೀಟು ಹಾಕಿದ ಗಾಜಿನ ಮೇಲೆ ರಕ್ತ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ಕಣ ಎಣಿಸುತ್ತಾರೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ, ಅಂದರೆ ಒಂದು ಸಣ್ಣ ಸಾಸಿವೆ ಕಾಳಿನಷ್ಟು ರಕ್ತದಲ್ಲಿ, ಸುಮಾರು 50 ಲಕ್ಷ ಕೆಂಪು ಕಣ. ಒಂದೊಂದು ಕಣಕ್ಕೂ ಸುಮಾರು 120 ದಿನ ಆಯಸ್ಸು. ಒಬ್ಬರಿಗೊಬ್ಬರು ಬಿ.ಪಿ. ನೋಡುತ್ತಾರೆ, ಕೂತಾಗ ಒಂದು ಸಲ, ಓಡಿ ಬಂದ ಮೇಲೆ ಒಂದು ಸಲ. ಹಿಂದೆ ಕಪ್ಪೆ ಕೊಯ್ದು ನರದ ಕೆಲಸ ತೋರಿಸುತ್ತಿದ್ದರು. ಈಗ ಅದನ್ನು ಕಂಪ್ಯೂಟರಿನಲ್ಲೇ ತೋರಿಸುತ್ತಾರೆ.

ಮೂತ್ರಪಿಂಡದ ಪಾಠ ಕೇಳಿದಾಗ ನನಗೆ ಬಹಳ ಆಶ್ಚರ್ಯವಾಯಿತು. ನಮ್ಮ ಎರಡು ಮೂತ್ರಪಿಂಡ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಹೊರಗೆ ಹೋಗುವುದು ಒಂದೂವರೆ ಲೀಟರ್ ಮಾತ್ರ. ಮಿಕ್ಕಿದ್ದನ್ನೆಲ್ಲ ಬೇಕಾದ ಉಪ್ಪು, ಸಕ್ಕರೆ ಸಮೇತ ವಾಪಸು ರಕ್ತಕ್ಕೆ ಕೊಡುತ್ತವೆ. ಒಂದು ಹನಿ ನೀರೂ ದಂಡ ಮಾಡದ ಇಂಥ ಒಕ್ಕಲುತನ ನಾನು ಯಾವ ತೋಟದಲ್ಲೂ ನೋಡಿಲ್ಲ.

ಇದನ್ನೆಲ್ಲ ಓದಿ ಏನು ಪ್ರಯೋಜನ, ಮಾತ್ರೆ ಕೊಡುವುದು, ಸೂಜಿ ಹಾಕುವುದು ಕಲಿತರೆ ಸಾಲದೇ ಅಂತ ಕೇಳುವವರಿದ್ದಾರೆ. ಅದಕ್ಕೆ ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ವಾಂತಿಭೇದಿಯದು. 1971ರಲ್ಲಿ ಬಾಂಗ್ಲಾ ಯುದ್ಧದ ಕಾಲಕ್ಕೆ ಲಕ್ಷಾಂತರ ನಿರಾಶ್ರಿತರು ಬಂಗಾಳಕ್ಕೆ ಬಂದರು. ಗಡಿಯ ಬನಗಾಂವ್ ಶಿಬಿರದಲ್ಲಿ ಕಾಲರಾ ಬಿತ್ತು. ನರಕ್ಕೆ ಹಾಕುವ ಸಲೈನ್ ಬಾಟಲು ಮುಗಿಯುತ್ತಾ ಬಂತು. ಕಲ್ಕತ್ತೆಯ ಡಾ. ದಿಲೀಪ್ ಮಹಲನಬಿಸ್ ಅನ್ನುವವರು ಉಪ್ಪು, ಗ್ಲೂಕೋಸು, ಅಡಿಗೆ ಸೋಡ ನೀರಿನಲ್ಲಿ ಕದಡಿ, ಡ್ರಮ್ಮಿನಲ್ಲಿ ತುಂಬಿ ಬಾಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಇದು ಪವಾಡ ಅಲ್ಲ. ಕರುಳಿನ ಗೋಡೆಯಲ್ಲಿ ಉಪ್ಪೂ ಸಕ್ಕರೆಯೂ ಜೋಡಿಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ, ಭೇದಿ ಆಗುವಾಗಲೂ ಈ ದಾರಿ ಮುಚ್ಚಿರುವುದಿಲ್ಲ ಅಂತ 1960ರ ದಶಕದಲ್ಲಿ ಫಿಸಿಯಾಲಜಿಯವರು ಕಂಡುಹಿಡಿದಿದ್ದರು. ಆ ಓದು ಶಿಬಿರದಲ್ಲಿ ಜೀವ ಉಳಿಸಿತು. ಅದೇ ಇವತ್ತಿನ ಓ.ಆರ್.ಎಸ್. ಮಹಲನಬಿಸ್ ಅವರು 2022ರಲ್ಲಿ ತೀರಿಕೊಂಡರು. 2023ರಲ್ಲಿ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಕೊಟ್ಟಿತು. ತಾಯಂದಿರು ಇದೊಂದು ನೆನಪಿಟ್ಟುಕೊಳ್ಳಿ. ಓ.ಆರ್.ಎಸ್. ಪೊಟ್ಟಣ ಕೈಗೆ ಸಿಗದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚು ಆಗಬಾರದು. ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನಮ್ಮ ಎಳೆಗರುವಿಗೆ ಭೇದಿ ಹತ್ತಿದಾಗ ಪಶುವೈದ್ಯರು ನೀರಿಗೆ ಪುಡಿ ಕದಡಿ ಕುಡಿಸಲು ಹೇಳುವುದರ ಹಿಂದೆಯೂ ಇದೇ ತತ್ವ ಇದೆ.

ಎರಡನೆಯದು ಕೀಟನಾಶಕದ್ದು. ಔಷಧಿ ಹೊಡೆದು ಬಂದವನಿಗೆ ಜೊಲ್ಲು ಸುರಿಯುವುದು, ಬೆವರು ಕಿತ್ತುಕೊಂಡು ಬರುವುದು, ಕಣ್ಣಿನ ಪಾಪೆ ಚಿಕ್ಕದಾಗುವುದು, ಉಸಿರು ಕಟ್ಟುವುದು ನಾವು ಕೇಳಿದ್ದೇವೆ, ಕೆಲವರು ನೋಡಿದ್ದೇವೆ. ಯಾಕೆ ಹೀಗೆ? ನರದ ತುದಿಯಿಂದ ಒಂದು ರಸ ಬಿಟ್ಟರೆ ಮಾಂಸಖಂಡ ಕೆಲಸ ಶುರು ಮಾಡುತ್ತದೆ. ಕೆಲಸ ಆದ ಕೂಡಲೇ ಆ ರಸವನ್ನು ಒಂದು ಕಿಣ್ವ ಒಡೆದುಹಾಕುತ್ತದೆ. ಆರ್ಗನೋಫಾಸ್ಫೇಟ್ ಜಾತಿಯ ಔಷಧಿಗಳು ಆ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದರೂ ಮೋಟರ್ ನಿಲ್ಲದ ಹಾಗೆ ಆಗುತ್ತದೆ. ಕೊನೆಗೆ ಉಸಿರಾಟದ ಖಂಡಗಳು ಸೋತುಹೋಗುತ್ತವೆ. ಇದು ಗೊತ್ತಿರುವ ನರ್ಸು ಕಣ್ಣಿನ ಪಾಪೆ ನೋಡಿದ ಕೂಡಲೇ ಡಾಕ್ಟರಿಗೆ ಹೇಳುತ್ತಾಳೆ, ಅಟ್ರೋಪಿನ್ ಸಿದ್ಧ ಮಾಡುತ್ತಾಳೆ. ಗೊತ್ತಿಲ್ಲದವರು ಬಿಸಿಲು ಹೊಡೆದಿದೆ ಅಂತ ಮಜ್ಜಿಗೆ ಕುಡಿಸುತ್ತಾ ಕೂರುತ್ತಾರೆ. ಅಂಥ ಹೊತ್ತಿನಲ್ಲಿ ಬಟ್ಟೆ ಬಿಚ್ಚಿ, ಮೈಯನ್ನು ಸೋಪು ನೀರಿನಲ್ಲಿ ತೊಳೆದು, ಔಷಧಿ ಡಬ್ಬಿ ಸಮೇತ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಬಲವಂತವಾಗಿ ವಾಂತಿ ಮಾಡಿಸಬಾರದು. ನಮ್ಮ ಊರಲ್ಲಿ ಈ ವಿದ್ಯೆ ಓದಿದ ಒಂದು ಮಗು ಇದ್ದರೆ ಸಾಕು, ಇಡೀ ಕೇರಿಗೆ ಕಾವಲು ಇದ್ದ ಹಾಗೆ.

ಇನ್ನೂ ಎಷ್ಟೋ ಇವೆ. ನಮ್ಮ ಜಿಲ್ಲೆಯಲ್ಲೇ ಪಾವಗಡ, ಮಧುಗಿರಿ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು ಕಂದು ಬಣ್ಣವಾಗುವುದು, ಮೂಳೆ ಬಾಗುವುದು ಇದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಜನಕ್ಕೆ ರಕ್ತ ಕಮ್ಮಿ. ಹಸುವಿನ ಹಾಲಿಗೆ ಎರಡು ಹೊತ್ತೂ ಪರೀಕ್ಷೆ ಇದೆ. ಆ ಹಸುವಿಗೆ ಹುಲ್ಲು ಹಾಕುವ ತಾಯಿಯ ರಕ್ತಕ್ಕೆ ವರ್ಷಕ್ಕೆ ಒಂದು ಸಲವಾದರೂ ಪರೀಕ್ಷೆ ಬೇಡವೇ? ಇದನ್ನು ಮನೆಯಲ್ಲಿ ಕೇಳುವವರು ಈ ವಿದ್ಯೆ ಓದಿದ ಮಕ್ಕಳೇ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ನಮ್ಮ ಅಣ್ಣನ ಮಗಳು ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಎಸ್.ಎಸ್.ಎಲ್.ಸಿ.ಯಲ್ಲಿ ಒಳ್ಳೆ ನಂಬರು. ಪಿ.ಯು.ಸಿ. ಹೇಗೋ ಆಯಿತು. ನರ್ಸಿಂಗಿಗೆ ಸೇರಿ ಮೂರು ತಿಂಗಳು ಆಗಿತ್ತು, ಒಂದು ರಾತ್ರಿ ಫೋನು ಮಾಡಿದಳು. "ಚಿಕ್ಕಪ್ಪ, ನಂಗೆ ತಲೆಗೇ ಹತ್ತಲ್ಲ. ಮೇಡಂ ಹೇಳೋದು ಒಂದೂ ಗೊತ್ತಾಗಲ್ಲ. ಟೆಸ್ಟಲ್ಲಿ ಫೇಲಾಗಿದೀನಿ. ಕರ್ಕೊಂಡ್ ಹೋಗ್ಬಿಡಿ" ಅಂತ ಅತ್ತಳು. ಮನೆಯಲ್ಲಿ ಪಂಚಾಯ್ತಿ ಆಯಿತು. ಫೀಸಿನ ಮೊದಲ ಕಂತು ಕಟ್ಟಿ ಆಗಿತ್ತು. ಅಣ್ಣ, "ಹೋದ ದುಡ್ಡು ಹೋಗ್ಲಿ, ಮಗು ಕೊರಗಬಾರದು, ಕರ್ಕೊಂಡು ಬಂದು ಬಿಡೋಣ" ಅಂದ. ಬಂಧುಗಳು ಒಂದು ಸಂಬಂಧವನ್ನೂ ತಂದರು. ಅತ್ತಿಗೆ ಒಬ್ಬರೇ, "ಅವಳೇನು ದಡ್ಡಿ ಅಲ್ಲ, ಏನು ತೊಂದರೆ ಅಂತ ಹೋಗಿ ಕೇಳಿ ಬನ್ನಿ" ಅಂತ ನನ್ನನ್ನು ಕಳಿಸಿದರು.

ಹೋದೆ. ಹಾಸ್ಟೆಲಿನ ಮುಂದೆ ಕಲ್ಲುಬೆಂಚಿನ ಮೇಲೆ ಕೂತು ಪುಸ್ತಕ ತೆಗೆಸಿದೆ. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಚಿತ್ರಕ್ಕೆ ಬೆರಳಿಟ್ಟು "ಇದೇನವ್ವಾ" ಅಂದೆ. "ಇದಾ? ಅಪಧಮನಿ. ಗುಂಡಿಗೆಯಿಂದ ರಕ್ತ ಹೊರಗೆ ತಗೊಂಡು ಹೋಗುತ್ತೆ" ಅಂದಳು. "ಇದು?" "ಅಭಿಧಮನಿ. ವಾಪಸು ತರುತ್ತೆ." "ಇದು?" "ಲೋಮನಾಳ." ಎಲ್ಲಾ ಗೊತ್ತಿದೆ! ಅದೇ ಪುಸ್ತಕದಲ್ಲಿ ಆರ್ಟರಿ, ವೇಯ್ನ್, ಕ್ಯಾಪಿಲರಿ ಅಂತ ಬಂದಾಗ ಗಾಬರಿ. ಮೇದೋಜೀರಕ ಗ್ರಂಥಿಯ ಕೆಲಸ ಗೊತ್ತು, ಪ್ಯಾಂಕ್ರಿಯಾಸ್ ಅಂದರೆ ಕಣ್ಣು ಕಣ್ಣು ಬಿಡುತ್ತಾಳೆ. ನೀರು ಇತ್ತು, ಕಾಲುವೆ ಇರಲಿಲ್ಲ, ಅಷ್ಟೇ.

ಆ ಕಾಲೇಜಿನಲ್ಲಿ ನಮ್ಮ ಕಡೆಯವರೇ ಆದ ಒಬ್ಬ ಹಿರಿಯ ವಿದ್ಯಾರ್ಥಿನಿ ಇದ್ದಳು. ಅವಳು ಒಂದು ದಾರಿ ಹೇಳಿಕೊಟ್ಟಳು. ನೋಟ್ ಪುಸ್ತಕದಲ್ಲಿ ಎರಡು ಗೀಟು ಹಾಕಿ ಮೂರು ಸಾಲು ಮಾಡು. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಹತ್ತನೇ ಕ್ಲಾಸಿನಲ್ಲಿ ಓದಿದ ಕನ್ನಡ ಪದ, ಮೂರನೆಯದರಲ್ಲಿ ಅದರ ಕೆಲಸ ಏನು ಅಂತ ಒಂದೇ ಮಾತು. ದಿನಕ್ಕೆ ಹತ್ತು ಪದ. ಪಾಠಕ್ಕೆ ಹೋಗುವ ಹಿಂದಿನ ರಾತ್ರಿಯೇ ಬರೆದುಕೊಂಡು ಹೋಗು ಅಂದಳು. ಇನ್ನೊಂದು ಗುಟ್ಟೂ ಹೇಳಿದಳು. ಈ ದೊಡ್ಡ ದೊಡ್ಡ ಪದಗಳು ಇಂಗ್ಲಿಷಿನವೂ ಅಲ್ಲ. ಹೆಚ್ಚಿನವು ಗ್ರೀಕ್, ಲ್ಯಾಟಿನ್. ಅಂದರೆ ಬೆಂಗಳೂರಿನ ಕಾನ್ವೆಂಟ್ ಮಕ್ಕಳಿಗೂ ಅವು ಹೊಸವೇ. ಕಾರ್ಡಿಯೋ ಅಂದರೆ ಗುಂಡಿಗೆ, ನೆಫ್ರೋ ಅಂದರೆ ಮೂತ್ರಪಿಂಡ, ಹೆಪಾಟೋ ಅಂದರೆ ಪಿತ್ತಜನಕಾಂಗ, ಹೀಮೋ ಅಂದರೆ ರಕ್ತ, ಕೊನೆಯಲ್ಲಿ ಐಟಿಸ್ ಬಂದರೆ ಉರಿಯೂತ. ಇಂಥ ನೂರು ಬೇರು ಕಲಿತರೆ ಸಾವಿರ ಪದ ತಾವೇ ಬಿಚ್ಚಿಕೊಳ್ಳುತ್ತವೆ. ಹೆಪಟೈಟಿಸ್ ಅಂದರೆ ಪಿತ್ತಜನಕಾಂಗದ ಉರಿಯೂತ, ನೆಫ್ರೈಟಿಸ್ ಅಂದರೆ ಮೂತ್ರಪಿಂಡದ್ದು. ನಮ್ಮ ಡಾ. ಡಿ.ಎಸ್. ಶಿವಪ್ಪನವರು ಇಂಥ ವೈದ್ಯ ಪದಗಳ ಹುಟ್ಟಿನ ಬಗ್ಗೆ ಕನ್ನಡದಲ್ಲೇ ಪುಸ್ತಕ ಬರೆದಿದ್ದಾರೆ. ಡಾ. ಅನುಪಮಾ ನಿರಂಜನ ಅವರು ಬಸಿರು ಬಾಣಂತನದ ವಿಚಾರವನ್ನು ಮನೆಮನೆಯ ಹೆಂಗಸರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದರು. ಈ ವಿದ್ಯೆಗೆ ಕನ್ನಡ ಸಾಲದು ಅನ್ನುವ ಮಾತು ಸುಳ್ಳು. ಪರೀಕ್ಷೆ ಇಂಗ್ಲಿಷಿನಲ್ಲಿದೆ, ಅದಕ್ಕೆ ಕನ್ನಡವನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಬೇಕು.

ಅವಳು ಆ ಸೆಮಿಸ್ಟರ್ ಪಾಸಾದಳು. ದೊಡ್ಡ ನಂಬರೇನೂ ಅಲ್ಲ, ಪಾಸಾದಳು. ಈಗ ಮೂರನೇ ವರ್ಷ. ಹೋದ ಹಬ್ಬಕ್ಕೆ ಬಂದಾಗ ಕೇರಿಯ ಹನ್ನೊಂದು ಜನಕ್ಕೆ ಬಿ.ಪಿ. ನೋಡಿ, ಅದರಲ್ಲಿ ಮೂರು ಜನರನ್ನು ಆಸ್ಪತ್ರೆಗೆ ಹೋಗಿ ಅಂತ ಕಳಿಸಿದಳು.

ನಮ್ಮೂರಿನವರಿಗೆ ನಾನು ಹೇಳುವುದು ಇಷ್ಟೇ. ಗೂಳೂರು ಗಣಪನಿಗೆ ಗಣೇಶ ಚೌತಿಯ ದಿನ ಮಣ್ಣು ಹಾಕುತ್ತಾರೆ. ಮೂರ್ತಿ ಮುಗಿದು ಪೂಜೆ ಶುರುವಾಗುವುದು ಬಲಿಪಾಡ್ಯಮಿಗೆ. ನಡುವೆ ಎರಡು ತಿಂಗಳು ಬರೀ ಮಣ್ಣೇ ಕಾಣುತ್ತದೆ. ಮೊದಲ ವಾರವೇ ಹೋಗಿ, ಗಣಪನ ಕಣ್ಣೆಲ್ಲಿ, ಕಿವಿಯೆಲ್ಲಿ ಅಂತ ನಾವು ಯಾರೂ ಕೇಳುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಮೂರು ತಿಂಗಳಿಗೇ ತೀರ್ಪು ಕೊಟ್ಟುಬಿಡುತ್ತೇವೆ. ಅದು ನ್ಯಾಯವಲ್ಲ.

ತಂದೆ ತಾಯಂದಿರಿಗೆ ಕೆಲವು ಸೂಚನೆಗಳನ್ನು ಕೊಡಬಯಸುತ್ತೇನೆ:

1. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಮೀಸಲಾತಿ ಇವೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ರುಜು ಬೇಕು. ಪಿ.ಯು.ಸಿ. ಓದುವಾಗಲೇ ಮಾಡಿಸಿ ಇಟ್ಟುಕೊಳ್ಳಿ. ಕೊನೆಯ ದಿನ ಓಡಾಡಬೇಡಿ.

2. ಪಶುವೈದ್ಯ, ಕೃಷಿ ಕೋರ್ಸುಗಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಮಕ್ಕಳನ್ನು ಹೊಲಕ್ಕೆ, ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಬೀಜ, ಗೊಬ್ಬರ, ಮೇವು ಗುರುತಿಸುವುದು ಕಲಿಸಿ. ಆ ಪರೀಕ್ಷೆಗೆ ನೀವೇ ಮೇಷ್ಟ್ರು.

3. ಎಂ.ಬಿ.ಬಿ.ಎಸ್.ಗೆ ನೀಟ್ ಪರೀಕ್ಷೆ ಬರೆಯ­ಬೇಕು. 2017ರಿಂದ ಅದರ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬರುತ್ತಿದೆ. ಅಲ್ಲಿ ಸೀಟು ಸಿಗಲಿಲ್ಲ ಅಂದರೆ ಬದುಕು ಮುಗಿಯಲಿಲ್ಲ. ದೇಹದ ಇದೇ ವಿದ್ಯೆ ನರ್ಸಿಂಗಿನಲ್ಲೂ ಲ್ಯಾಬಿನಲ್ಲೂ ಇದೆ.

4. ಸೀಟು ಕೊಡಿಸ್ತೀನಿ ಅಂತ ಬರುವ ಏಜೆಂಟರ ಕೈಗೆ ದುಡ್ಡು ಕೊಡಬೇಡಿ. ಕಾಲೇಜಿಗೆ ಆ ವರ್ಷ ವಿಶ್ವವಿದ್ಯಾಲಯದ ಮಾನ್ಯತೆ, ನರ್ಸಿಂಗ್ ಆದರೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ ಅಂತ ವಿಚಾರಿಸಿ. ಕಟ್ಟಿದ ಪ್ರತಿ ರೂಪಾಯಿಗೂ ರಸೀತಿ ತಗೊಳ್ಳಿ. ಜಮೀನು ಮಾರುವ ಮುಂಚೆ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳಿ.

5. ಮೊದಲ ವರ್ಷ ಮಗು ಅತ್ತುಕೊಂಡು ಫೋನು ಮಾಡಿದರೆ ಬೈಯಬೇಡಿ, ಹಾಗಂತ ಕೂಡಲೇ ಕರೆದುಕೊಂಡೂ ಬರಬೇಡಿ. ಹೋಗಿ ಪಕ್ಕದಲ್ಲಿ ಕೂತು ಏನು ತೊಂದರೆ ಅಂತ ಕೇಳಿ. ನಿಜವಾಗಿಯೂ ಅವರ ಮನಸ್ಸಿಗೆ ಆ ಓದು ಬೇಡವಾದರೆ ಅದು ಬೇರೆ ಮಾತು. ಬೇಕಿದ್ದೂ ಭಾಷೆಗೆ ಹೆದರಿದ್ದರೆ ಒಂದು ವರ್ಷ ಆಸರೆ ಕೊಡಿ.

ಕೊನೆಯದಾಗಿ ಸಂಘದ ಮುಂದೆ ಒಂದು ಕೋರಿಕೆ. ಸಹಕಾರ ಅಂದರೆ ಬರೀ ಹಾಲು ಅಳೆದು ಬಟವಾಡೆ ಮಾಡುವುದಲ್ಲ. ಒಬ್ಬೊಬ್ಬರೇ ಎರಡು ಲೀಟರ್ ಹಾಲು ತಗೊಂಡು ತುಮಕೂರಿಗೆ ಹೋದರೆ ಕೇಳುವವರಿರಲಿಲ್ಲ. ಎಲ್ಲರದ್ದೂ ಸೇರಿದಾಗ ಲಾರಿ ನಮ್ಮ ಬಾಗಿಲಿಗೇ ಬಂತು. ಓದಿನಲ್ಲೂ ಹಾಗೆಯೇ. ಒಂದು ಮನೆಯಲ್ಲಿ ಓದಿ ಮುಗಿದ ಪುಸ್ತಕ ಅಟ್ಟ ಸೇರುತ್ತದೆ, ಪಕ್ಕದ ಮನೆಯವರು ಅದೇ ಪುಸ್ತಕಕ್ಕೆ ಸಾವಿರಾರು ರೂಪಾಯಿ ಕೊಡುತ್ತಾರೆ. ಸಂಘದ ಕಛೇರಿಯಲ್ಲಿ ಒಂದು ಬೀರು ಇಡೋಣ. ಅನಾಟಮಿ, ಫಿಸಿಯಾಲಜಿ ಪುಸ್ತಕಗಳು, ಇಂಥ ಮೂರು ಸಾಲಿನ ನೋಟ್ ಪುಸ್ತಕಗಳು ಅಲ್ಲಿ ಸೇರಲಿ. ಒಬ್ಬರು ಓದಿದ್ದು ಇನ್ನೊಬ್ಬರಿಗೆ ಸಿಗಲಿ. ಬೈಲಾ ಒಪ್ಪುವ ಮಟ್ಟಿಗೆ, ಸರ್ವ ಸದಸ್ಯರ ಸಭೆಯ ಒಪ್ಪಿಗೆ ಪಡೆದು, ಲಾಭದಲ್ಲಿ ಒಂದು ಪಾಲನ್ನು ಮೊದಲ ವರ್ಷದ ಮಕ್ಕಳಿಗೆ ಮೀಸಲಿಡೋಣ. ಬಹುಮಾನ ಅಂತ ಮಾರ್ಕ್ಸ್ ತೆಗೆದವರಿಗೆ ಕೊಡುವುದು ಸರಿಯೇ. ಆದರೆ ಎಡವಿದ ಮಗುವಿಗೆ ಕೊಡುವ ಊರುಗೋಲು ಅದಕ್ಕಿಂತ ದೊಡ್ಡದು. ಓದಿ ಮುಂದೆ ಹೋದ ಮಕ್ಕಳೂ ವರ್ಷಕ್ಕೆ ಎರಡು ಭಾನುವಾರ ಇಲ್ಲಿಗೆ ಬಂದು ಹೊಸಬರಿಗೆ ಪಾಠ ಹೇಳಲಿ, ಊರವರ ಬಿ.ಪಿ. ನೋಡಲಿ. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ನಾನೇ ಈ ವಿಷಯ ಮಂಡಿಸುತ್ತೇನೆ. ಸದಸ್ಯರು ಕೈ ಎತ್ತಿ ಬೆಂಬಲಿಸಬೇಕು ಅಂತ ಕೇಳಿಕೊಳ್ಳುತ್ತೇನೆ.

ಗುಂಡಿಗೆ ತನಗಾಗಿ ರಕ್ತವನ್ನು ಕೂಡಿಟ್ಟುಕೊಳ್ಳುವುದಿಲ್ಲ, ಬಂದದ್ದನ್ನೆಲ್ಲ ಮೈಗೆ ಹಂಚುತ್ತದೆ, ಅದಕ್ಕೇ ತಾನೂ ಉಳಿಯುತ್ತದೆ. ನಮ್ಮ ಸಂಘವೂ ಹಾಗೆಯೇ ನಡೆಯಲಿ. ಸುವರ್ಣ ಮಹೋತ್ಸವದ ಹೊತ್ತಿಗೆ ಈ ವೇದಿಕೆ ಮೇಲೆ ನಮ್ಮೂರ ಡಾಕ್ಟರು, ನಮ್ಮೂರ ನರ್ಸು, ನಮ್ಮೂರ ಪಶುವೈದ್ಯರು ಕೂತಿರಲಿ ಅಂತ ಹಾರೈಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.